ನೀಲಿ ದಾರದ ಮೀನು

ದೊಡ್ಡಪ್ಪನ ಎರಡು ಮೀನುಕೊಳಗಳಲ್ಲಿ ಒಂದಕ್ಕೆ ಮಾತ್ರ ಮೂರು ತಿಂಗಳು ಕಲ್ಲುಪುಡಿ ಬೆರೆಸಿದ ಮೇವು ಹಾಕಿಸಿದ್ದೆ: ನೂರು ಕಿಲೋ ಮೇವಿಗೆ ಎರಡು ಕಿಲೋ ಪುಡಿ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಉಂಟಾದ ಆ ಕಲ್ಲಿನ ಖನಿಜಾಂಶಗಳು ಮೀನನ್ನು ಆರೋಗ್ಯವಾಗಿರಿಸುತ್ತವೆ, ಮಾಂಸದ ರುಚಿಯನ್ನೂ ಸುಧಾರಿಸುತ್ತವೆ ಎಂಬುದು ನನ್ನ ವಾದ. “ಇಷ್ಟೆಲ್ಲ ಓದಿಸಿದ್ದು ಮೀನಿಗೆ ಮಣ್ಣು ತಿನ್ನಿಸೋಕಾ?” ಎಂಬುದು ದೊಡ್ಡಪ್ಪನ ವಾದ.

ಕೊನೆಗೊಂದು ಒಪ್ಪಂದವಾಯಿತು. ಎರಡೂ ಕೊಳಗಳ ಮೀನು ತಿಂದು ದೊಡ್ಡಪ್ಪ ಮತ್ತು ಮೀನಂಗಡಿಯವರು ಪುಡಿ ತಿಂದ ಮೀನನ್ನೇ ಹೆಚ್ಚು ರುಚಿಯೆಂದು ಆರಿಸಿದರೆ ಪುಡಿ ಎರಡೂ ಕೊಳಕ್ಕೆ. ಇಲ್ಲವಾದರೆ ಉಳಿದ ಚೀಲಗಳು ಗೇಟಿನ ಮುಂದಿನ ಗುಂಡಿ ಮುಚ್ಚಲು.

ಒಂದೇ ತೂಕದ ಮೀನುಗಳನ್ನು ಆರಿಸಿ, ಬಾಲಕ್ಕೆ ಕೆಂಪು, ನೀಲಿ ದಾರ ಕಟ್ಟಿದೆ. ಯಾವ ದಾರ ಯಾವ ಕೊಳದ್ದು ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟು ಯಾರಿಗೂ ಹೇಳಲಿಲ್ಲ. “ಉಪ್ಪು ಮಾತ್ರ ಹಾಕಿ ಹಬೆಯಲ್ಲಿ ಬೇಯಿಸಿ,” ಎಂದು ದೊಡ್ಡಮ್ಮನಿಗೆ ಮೂರು ಸಲ ಹೇಳಿದೆ.

ಇಬ್ಬರೂ ಎರಡೂ ತಟ್ಟೆಗಳಿಂದ ತಿಂದರು.

“ಎರಡೂ ಚೆನ್ನಾಗಿವೆ. ಒಂದು ಹೆಚ್ಚು, ಒಂದು ಕಡಿಮೆ ಅನ್ನೋ ಹಾಗಿಲ್ಲಪ್ಪ,” ಎಂದರು ಅಂಗಡಿಯವರು.

“ವಿಜ್ಞಾನಿಗಳೇ, ಗುದ್ದಲಿ ತರಿಸಲಾ?” ಎಂದರು ದೊಡ್ಡಪ್ಪ.

ನನ್ನ ಮುಖ ಸಪ್ಪಗಾಯಿತು. ಆಗ ನೀಲಿ ದಾರದ ಮೀನಿನ ಬೆನ್ನ ಮೇಲೆ ಕಾಳುಮೆಣಸಿನ ಪುಡಿಯ ಕರಿಚುಕ್ಕೆಗಳು ಕಂಡವು.

“ದೊಡ್ಡಮ್ಮ, ಇದೇನಿದು?”

“ಉಪ್ಪು ನೋಡೋಣ ಅಂತ ಎರಡನ್ನೂ ಚೂರು ಬಾಯಿಗೆ ಹಾಕ್ಕೊಂಡೆ ಕಣೇ. ಕೆಂಪು ದಾರದ್ದು ಸಿಹಿಯಾಗಿತ್ತು. ನೀಲಿದು ಬರೀ ಕೆಸರು ವಾಸನೆ. ಹೊರಗಿನವರ ಮುಂದೆ ಅದರ ಮಾನ ಹೋಗಬಾರದಲ್ಲ, ಪಾಪ! ಒಂದಿಷ್ಟು ಮೆಣಸು, ನಿಂಬೆರಸ ಹಾಕಿದೆ.”

“ನೀಲಿ ಯಾವ ಕೊಳದ್ದು ಅಂತ ನಿಮಗೆ ಗೊತ್ತಿತ್ತಾ?”

“ನೀನು ಬಾಯಿ ಬಿಟ್ಟಿದ್ದರೆ ತಾನೆ!”

ನೋಟುಪುಸ್ತಕ ತೆರೆದು ದೊಡ್ಡಪ್ಪನ ಮುಂದಿಟ್ಟೆ. ನೀಲಿ: ಪುಡಿ ಹಾಕದ ಕೊಳ.

ದೊಡ್ಡಪ್ಪ ಎರಡು ಸಲ ಓದಿದರು. “ಅಂದರೆ, ಮಣ್ಣು ತಿಂದಿದ್ದಕ್ಕೆ ಕೆಸರು ವಾಸನೆ ಇಲ್ಲ, ತಿನ್ನದೇ ಇದ್ದದ್ದಕ್ಕೆ ಇದೆಯಾ?”

“ಒಬ್ಬರ ನಾಲಿಗೆಯಿಂದಲೇ ತೀರ್ಮಾನಕ್ಕೆ ಬರಬಾರದು, ದೊಡ್ಡಪ್ಪ. ಇನ್ನೊಮ್ಮೆ ಪ್ರಯೋಗ ಮಾಡಬೇಕು,” ಎಂದು ಪ್ರಾಮಾಣಿಕವಾಗಿ ಹೇಳಿದೆ.

“ಮೂವತ್ತು ವರ್ಷದಿಂದ ಆ ನಾಲಿಗೆಗೆ ಎದುರಾಡಿಲ್ಲ ನಾನು. ಈಗ ಶುರು ಮಾಡ್ಲಾ?” ಎನ್ನುತ್ತಾ ದೊಡ್ಡಪ್ಪ ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಪುಡಿ ಹಾಕದ ಕೊಳದ ಕಡೆಗೆ ನಡೆದರು.

ನಾನು ನೋಟುಪುಸ್ತಕದಲ್ಲಿ ಫಲಿತಾಂಶವನ್ನು ದಾಖಲಿಸಿದೆ. ಅಷ್ಟರಲ್ಲಿ ಅಂಗಡಿಯವರು ಮೆಣಸು ಹಾಕಿದ ಮೀನನ್ನು ಮುಳ್ಳಷ್ಟೇ ಉಳಿಯುವಂತೆ ಮುಗಿಸಿದ್ದರು. ಅದನ್ನೂ ದಾಖಲಿಸಿದೆ.