ಬೆರಳಗಲದ ತೂತು

ತೊಲೆಯ ಎರಡು ಕಡೆ ಸೂಜಿಯಂಥ ಮೊಳೆ ಚುಚ್ಚಿ, ಒಂದನ್ನು ಸುತ್ತಿಗೆಯಿಂದ ತಟ್ಟುತ್ತೇನೆ. ಪೆಟ್ಟು ಮರದೊಳಗೆ ಹಾದು ಇನ್ನೊಂದನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ಯಂತ್ರ ತೋರಿಸುತ್ತದೆ. ಬೇಗ ಮುಟ್ಟಿದರೆ ಮರ ಬಿಗಿ, ತಡವಾದರೆ ಸಡಿಲ. ಆದರೆ ವೇಗವೊಂದೇ ಸಾಲದು, ಮರದ ಸಾಂದ್ರತೆಯೂ ಬೇಕು. ಅದಕ್ಕೆ ಬೆರಳಗಲದ ತೂತು ಕೊರೆದು, ಒಳಗಿನ ತುಂಡನ್ನು ಒಣಗಿಸಿ ತೂಗಬೇಕು.

ಟೈಲರಮ್ಮನ ಕಟ್ಟಡದಲ್ಲಿ ನಾನು ಆ ತೂತು ಕೊರೆಯಲಿಲ್ಲ.

ಕೆಳಗಿನ ಕೋಣೆಯಲ್ಲಿ ಆಕೆಯ ಬಟ್ಟೆ ದಾಸ್ತಾನು. ಮೇಲಿನ ಕೋಣೆಗೆ ಹತ್ತು ಹೊಲಿಗೆ ಯಂತ್ರ ತರುವವಳಿದ್ದಳು. ನಡುವಿನ ಹಲಗೆ ನೆಲವನ್ನು ಆರು ತೊಲೆಗಳು ಹೊತ್ತಿದ್ದವು. ಅವು ಆ ಭಾರ ತಡೆಯುತ್ತವೆಯೇ ಎಂದು ನಾನು ನೋಡಬೇಕಿತ್ತು. ನಾನು ಡ್ರಿಲ್ಲು ತೆಗೆದಾಗ ಏಣಿ ಹಿಡಿದುಕೊಂಡೇ, "ತೂತೊಂದು ಬೇಡಪ್ಪ, ಈಗಷ್ಟೇ ಬಣ್ಣ ಮಾಡ್ಸಿದೀನಿ," ಅಂದಳು. ಈ ಬೀದಿಯ ಮನೆಗಳಿಗೆಲ್ಲ ಒಂದೇ ಮರವಂತೆ, ಅದರ ಹೆಸರೂ ಹೇಳಿದಳು. ಆಮೇಲೆ ಊಟ ಆಯಿತಾ, ನಿನ್ನ ಕಾಲರು ಯಾವ ದಡ್ಡ ಹೊಲಿದದ್ದು ಎಂದೆಲ್ಲ ವಿಚಾರಿಸಿದಳು. ನಾನು ಊರಿಗೆ ಬಂದು ಏಳು ತಿಂಗಳಾಗಿತ್ತು. ಶನಿವಾರ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಎದುರಾಡಲು ಮನಸ್ಸು ಬರಲಿಲ್ಲ. ಆಕೆ ಹೇಳಿದ ಮರದ ಸಾಂದ್ರತೆಯನ್ನು ಪುಸ್ತಕದ ಪಟ್ಟಿ ನೋಡಿ ಬರೆದುಕೊಂಡೆ. ಆರೂ ತೊಲೆ ಪಾಸು. ವರದಿ ನಂಬಿ ಮುಂದಿನ ವಾರವೇ ಟೈಲರಮ್ಮ ಯಂತ್ರಗಳನ್ನು ತರಿಸಿದಳು.

ಎರಡು ವಾರ ಕಳೆದು ಒಂದು ಭಾನುವಾರ, ಬೇರೇನೂ ಕೆಲಸವಿಲ್ಲದೆ ಅದೇ ಬೀದಿಯಲ್ಲಿ ಸುತ್ತುತ್ತಿದ್ದೆ. ಎದುರಿನ ಮನೆ ಕೆಡವುತ್ತಿದ್ದರು. ಬಿದ್ದಿದ್ದ ತೊಲೆಯ ತುಂಡೊಂದನ್ನು ಸುಮ್ಮನೆ ಎತ್ತಿದೆ. ಒಂದೇ ಕೈಗೆ ಬಂತು. ಆಕೆ ಹೇಳಿದ ಮರ ಅಷ್ಟು ಹಗುರವಿರುವುದಿಲ್ಲ.

ಸೋಮವಾರ ಹೋಗಿ, ಸಣ್ಣ ಅನುಮಾನ ಅಷ್ಟೇ ಎಂದು ಹೇಳಿ, ಆರೂ ತೊಲೆ ಕೊರೆದೆ. ಟೈಲರಮ್ಮ ಮುಖ ಸಿಂಡರಿಸಿದಳು, ಆದರೆ ತಡೆಯಲಿಲ್ಲ. ಹೊಸ ಅಂಗಿಗೆ ಅಳತೆ ಕೊಡಲು ಯಾವತ್ತು ಬರ್ತೀಯ ಎಂದೂ ಕೇಳಿದಳು. ಮರುದಿನ ತುಂಡುಗಳು ಒಣಗಿದವು. ಘನ ಮೀಟರಿಗೆ ಏಳುನೂರೈವತ್ತು ಕಿಲೋ ಇರಬೇಕಾದ ಕಡೆ ಸರಾಸರಿ ಐನೂರ ನಲವತ್ತು. ಹೊಸ ಲೆಕ್ಕದಲ್ಲಿ ನಾಲ್ಕು ತೊಲೆ ಹೇಗೋ ದಾಟಿದವು. ನಡುವಿನ ಎರಡು ದಾಟಲಿಲ್ಲ.

ಹಿರಿಯ ಇಂಜಿನಿಯರು ಮೊದಲ ವರದಿಗೆ ಸಹಿ ಹಾಕಿಯಾಗಿತ್ತು. ಲೆಕ್ಕದಲ್ಲಿ ಹೇಗೂ ಒಂದಿಷ್ಟು ಹೆಚ್ಚುವರಿ ಬಲ ಹಿಡಿದಿರುತ್ತೇವೆ, ಸುಮ್ಮನೆ ಮೈಮೇಲೆ ಇರುವೆ ಬಿಟ್ಟುಕೊಳ್ಳಬೇಡ ಎಂದರು. ಆ ಹೆಚ್ಚುವರಿಯನ್ನೂ ಸೇರಿಸಿಯೇ ನಾನು ನೋಡಿದ್ದೆ. ಸುಮ್ಮನಿದ್ದರೆ ಟೈಲರಮ್ಮನಿಗೆ ಅಂಗಿಯ ಅಳತೆ ಕೊಡಲು ಹೋಗಬಹುದಿತ್ತು, ಅರ್ಧ ಗಂಟೆ ಬೈಸಿಕೊಂಡು ಬರಬಹುದಿತ್ತು.

ಹೋಗಿ ಹೇಳಿದೆ. ಹತ್ತೂ ಯಂತ್ರ ಓಡುತ್ತಿದ್ದವು, ಹಲಗೆ ಕಾಲಡಿ ನಡುಗುತ್ತಿತ್ತು. ಟೈಲರಮ್ಮ ಕತ್ತರಿ ಕೆಳಗಿಟ್ಟಳು.

"ಮೊದಲೇ ತೂತು ಕೊರೆದಿದ್ರೆ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು. ಯಂತ್ರ ತರಿಸಬೇಡಿ ಅಂತಿದ್ದೆ."

"ಮತ್ಯಾಕೆ ಕೊರೀಲಿಲ್ಲ?"

"ನೀವು ಬೇಡ ಅಂದ್ರಿ."

"ಗಿರಾಕಿ ಎದೆ ಅಳತೆ ಬೇಡ ಅಂದ್ರೆ ನಾನು ಅಂದಾಜಿಗೆ ಹೊಲೀತೀನಾ?"

ಆಕೆ ಯಂತ್ರಗಳನ್ನು ನಿಲ್ಲಿಸಿದಳು. ಹೆಂಗಸರು ಗೋಡೆ ಹಿಡಿದುಕೊಂಡು ಒಬ್ಬೊಬ್ಬರಾಗಿ ಇಳಿದರು. ಒಬ್ಬಳು ಹೊಲಿಯುತ್ತಿದ್ದ ಅಂಗಿಯ ತೋಳನ್ನು ಕೈಗೆ ತೊಟ್ಟುಕೊಂಡೇ ಇಳಿದಳು. ನಡುವಿನ ಯಂತ್ರಗಳನ್ನು ಮೊದಲು ತೆಗೆಯಬೇಕು, ಒಂದು ಕೆಳಗೆ ಮುಟ್ಟಿದ ಮೇಲೆ ಇನ್ನೊಂದು ಎಂದೆ. ಟೈಲರಮ್ಮ ಹಾಗೆಯೇ ಮಾಡಿಸಿದಳು, ನನ್ನ ಕಡೆ ನೋಡದೆ. ನಾಲ್ಕನೆಯದಕ್ಕೆ ನಾನೂ ಕೈ ಹಾಕಿದೆ. ಬಿಡಿ, ಎಂದಳು.

ಸಂಜೆಗೆ ಯಂತ್ರಗಳು ಬೀದಿಯ ಬದಿಗೆ ಸಾಲಾಗಿ ನಿಂತವು. ಮತ್ತೆ ಯಾವಾಗ ಹತ್ತಿಸಬಹುದೆಂದು ಕೇಳಿದಳು. ಎರಡು ತೊಲೆ ಬದಲಾಯಿಸಿ, ಮತ್ತೆ ಪರೀಕ್ಷೆ ಮಾಡಿ, ಆರು ವಾರ ಎಂದೆ.

"ಪರೀಕ್ಷೆಗೆ ಬೇರೆ ಯಾರನ್ನಾದ್ರೂ ಕಳ್ಸಿ."

ನಮ್ಮ ಆಫೀಸಿನಲ್ಲಿ ಆ ಕೆಲಸಕ್ಕೆ ಇರುವವನು ನಾನೊಬ್ಬನೇ. ಆಯ್ತು ಅಂದೆ.