ಬೂದಿಯನ ಮುದ್ರೆ

ಮನುಷ್ಯ ಸತ್ತರೆ ಅವನ ಮನೆಯ ಒಲೆ ಆರುತ್ತದೆ. ದೇವರ ಎತ್ತು ಸತ್ತರೆ ಇಡೀ ಹಟ್ಟಿಯ ಒಲೆ ಆರುತ್ತದೆ. ಅದಕ್ಕೆ ನೀರೆರೆದು, ಮುಖಕ್ಕೆ ವಿಭೂತಿ ಬಳಿದು, ಕೊಂಬಿಗೆ ಹೂವು ಸುತ್ತಿ, ಉರುಮೆ ಬಡಿಸಿಕೊಂಡು ಮಣ್ಣಿಗೆ ಒಯ್ಯುತ್ತಾರೆ. ಹುಟ್ಟಿದಂದಿನಿಂದ ನೊಗ ಹೊರದ, ಬಾರುಕೋಲು ಕಾಣದ ಜೀವ ಅದು. ಹಿಂದೊಮ್ಮೆ ಕುಲದ ಮೂಲಪುರುಷ ದಿಕ್ಕು ತಪ್ಪಿ ಅಲೆಯುವಾಗ ಒಂದು ಎತ್ತು ಮುಂದೆ ನಡೆಯಿತಂತೆ. ಅದು ಮಲಗಿದಲ್ಲಿ ದೇವರು ನಿಂತ, ದೇವರು ನಿಂತಲ್ಲಿ ಹಟ್ಟಿ ನಿಂತಿತು. ಕೇಳಿದವರಿಗೆ ಹಿರಿಯರು ಇಷ್ಟೇ ಹೇಳುತ್ತಾರೆ. ನಂಬುವವರಿಗೆ ಇಷ್ಟು ಸಾಕು.

ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಅಂಚಿನ ಆ ಹಟ್ಟಿಯಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಪಾತಣ್ಣ. ಕಾಲಿಗೆ ಚಪ್ಪಲಿ ಮೆಟ್ಟಿದವನಲ್ಲ, ಹೋಟೆಲಿನ ನೀರು ಕುಡಿದವನಲ್ಲ, ಮೈಗೆ ಸೂಜಿ ತಾಗಿಸಿಕೊಂಡವನಲ್ಲ. ಮದುವೆಯನ್ನೂ ಬೇಡವೆಂದಿದ್ದ. ಅವನು ಉಣ್ಣುತ್ತಿದ್ದುದು ಅಕ್ಕ ಕೆಂಚಕ್ಕನ ಕೈಯಿಂದ ಮಾತ್ರ. ಗಂಡ ತೀರಿದ ಮೇಲೆ ತವರಿಗೆ ಬಂದ ಕೆಂಚಕ್ಕ ತಮ್ಮನಿಗೆಂದೇ ಬೇರೆ ಮಡಕೆಯಲ್ಲಿ ಮುದ್ದೆ ಬೇಯಿಸಿ, ಎತ್ತಿನ ರೊಪ್ಪದ ಮುಳ್ಳುಬೇಲಿಯ ಈಚೆಯೇ ನಿಂತು ನೀಡಿ ಬರುತ್ತಿದ್ದಳು. ಹೆಂಗಸರು ದೇವರ ಎತ್ತನ್ನಾಗಲಿ, ಎತ್ತಿಗೆ ಸೋಕಿದ್ದನ್ನಾಗಲಿ ಮುಟ್ಟಬಾರದೆಂಬುದು ಹಟ್ಟಿಯ ಕಟ್ಟು. ಆ ಬೇಲಿಯನ್ನು ದಾಟಬೇಕೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ದಾಟದೆ ನಿಲ್ಲುವುದೂ ಒಂದು ಪೂಜೆಯೇ ಎಂದುಕೊಂಡಿದ್ದಳು.

ಮುಂಗಾರಿನ ಮೊದಲ ಮಳೆಗೆ ಕೆರೆಯಂಗಳದಲ್ಲಿ ಹುಲ್ಲು ಚಿಗುರಿತು. ಅಲ್ಲಿ ಮೇಯ್ದ ಪಕ್ಕದೂರಿನ ಕುರಿಗಳು ನಿಂತಲ್ಲೇ ಬಿದ್ದವು. ಮೂಗಿನಿಂದ ಕಪ್ಪು ರಕ್ತ ಇಳಿದಿತ್ತು. ಮಾರನೆಯ ದಿನವೇ ಪಂಚಾಯಿತಿಯ ಆಟೋ ಮೈಕು ಕಟ್ಟಿಕೊಂಡು ಹಟ್ಟಿಗೆ ಬಂತು.

“ಸಾರ್ವಜನಿಕರ ಗಮನಕ್ಕೆ. ಜಾನುವಾರುಗಳಲ್ಲಿ ನೆರಡಿ ರೋಗ ಕಾಣಿಸಿಕೊಂಡಿದೆ. ಸತ್ತ ದನ, ಕುರಿ, ಮೇಕೆಗಳನ್ನು ಯಾರೂ ಮುಟ್ಟಬಾರದು, ಕೊಯ್ಯಬಾರದು, ಚರ್ಮ ಸುಲಿಯಬಾರದು. ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು...”

ಹಟ್ಟಿಯ ಯಜಮಾನ ಮುದ್ದಪ್ಪ ಚಾವಡಿ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ. “ಕೊರೊನಾ ಬಂದಾಗ ಮನುಷ್ಯರನ್ನ ಮುಟ್ಟಬ್ಯಾಡ್ರಿ ಅಂದ್ರು. ಈಗ ಕುರೀನೂ ಮುಟ್ಟಬ್ಯಾಡ್ರಿ ಅಂತಾರೆ. ಇನ್ನ ನಮ್ಮ ಮೂಗು ನಾವೇ ಮುಟ್ಕಂಡು ಕುಂತ್ಕಬೇಕು ಕಣ್ರಲೇ,” ಎಂದ. ಕಟ್ಟೆಯ ಮೇಲಿದ್ದವರು ನಕ್ಕರು.

ಮುದ್ದಪ್ಪನ ಸೊಸೆ ಸ್ವಪ್ನ ನಗಲಿಲ್ಲ. ರಾಂಪುರದ ಕಡೆಯ ಹುಡುಗಿ, ಹಟ್ಟಿಗೆ ಆಶಾ ಕಾರ್ಯಕರ್ತೆ. ತಲೆಯ ಮೇಲೆ ಸೆರಗೆಳೆದುಕೊಂಡೇ ಅವಳು ಇಲಾಖೆಯ ಪ್ರಕಟಣೆಯನ್ನು ಚಾವಡಿ ಗೋಡೆಗೆ ಅಂಟಿಸುತ್ತಿದ್ದಳು. ಅದರಲ್ಲಿ ಸತ್ತ ಕುರಿಯದೊಂದು ಚಿತ್ರ, ಕಪ್ಪು ಹುಣ್ಣಿನ ಕೈಯದೊಂದು ಚಿತ್ರ ಇತ್ತು.

“ನಗಬ್ಯಾಡ್ರಿ ಮಾವ. ಇದು ಮನುಷ್ಯರಿಗೂ ಬರ್ತೈತೆ.”

“ಬರ್ಲಿ ಬಿಡವ್ವ. ಹಿಟ್ಟು ಒಸಿ ಕಮ್ಮಿ ಹಚ್ಚು, ಗ್ವಾಡೆ ಹಾಳಾಗ್ತೈತೆ.”

ಪಶುವೈದ್ಯರು ಬಂದು ಹಟ್ಟಿಯ ಕುರಿಗಳಿಗೆಲ್ಲ ಲಸಿಕೆ ಹಾಕಿದರು. ರೊಪ್ಪದ ಬಳಿ ಬಂದಾಗ ಮುದ್ದಪ್ಪ ಅಡ್ಡ ನಿಂತ. ದೇವರ ಮೈಗೆ ಸೂಜಿ ಚುಚ್ಚುವುದುಂಟೇ ಎಂದ. ವೈದ್ಯರು ಬಹಳ ಹೊತ್ತು ಹೇಳಿ ನೋಡಿ, ಸೂಜಿಯನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋದರು.

ಬೂದಿಯ ಎಂಬ ಎತ್ತು ಹಿಂಡಿನ ಮುಂದಾಳು. ವಿಭೂತಿ ಬಣ್ಣದ ಮೈ, ಒಳಗೆ ಬಾಗಿದ ಕೊಂಬು. ಅದು ಎದ್ದರೆ ಹಿಂಡು ಏಳುತ್ತಿತ್ತು. ಒಂದು ಬೆಳಿಗ್ಗೆ ಹಿಂಡೆಲ್ಲ ಎದ್ದಿತು, ಬೂದಿಯ ಏಳಲಿಲ್ಲ. ಪಾತಣ್ಣ ಹತ್ತಿರ ಹೋಗಿ ನೋಡಿದಾಗ ಹೊಟ್ಟೆ ಉಬ್ಬಿತ್ತು, ಮೂಗು ಬಾಯಿಂದ ಕಪ್ಪು ರಕ್ತ ಇಳಿದು ನೆಲಕ್ಕೆ ಮುಟ್ಟಿತ್ತು.

ಮೈಕಿನ ಮಾತು ಅವನಿಗೆ ನೆನಪಿತ್ತು. ಆದರೆ ರಕ್ತ ಮೆತ್ತಿದ ಮುಖ ಹೊತ್ತು ದೇವರ ಎದುರು ಬೂದಿಯ ಹೋಗಿ ನಿಲ್ಲುವುದು ಅವನಿಗೆ ಬೇಡವಾಗಿತ್ತು. ಹೆಗಲ ಮೇಲಿನ ಟವಲು ತೆಗೆದು, ಮಗುವಿನ ಮೂಗೊರೆಸಿದಂತೆ ಮುಖವನ್ನೆಲ್ಲ ಒರೆಸಿದ. ಆಮೇಲೆ ಬೇಲಿಯ ಹತ್ತಿರ ಬಂದು, ಅಂಬಲಿ ತಂದು ನಿಂತಿದ್ದ ಅಕ್ಕನಿಗೆ ಟವಲು ನೀಡಿದ.

“ಅಕ್ಕಾ, ಬೂದಿಯ ಹೋಗ್ಬಿಟ್ಟ. ಇದನ್ನ ತೊಳೆದಿಡು. ಯಾರಿಗೂ ಹೇಳ್ಬ್ಯಾಡ.”

“ನಾನು ಮುಟ್ಟಬಹುದೇನೋ ಪಾತ?”

“ನನ್ನ ಟವಲ್ ಅನ್ಕ. ಅಷ್ಟೇ.”

ಟವಲು ಇಸಿದುಕೊಳ್ಳುವಾಗ ಬೇಲಿಯ ಜಾಲಿಮುಳ್ಳು ಅವಳ ಮಣಿಕಟ್ಟನ್ನು ಗೀರಿತು. ಅವಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಿತ್ತಿಲಿನಲ್ಲಿ ಕೂತು, ಅಳುತ್ತಾ, ರಕ್ತ ಹೋಗುವವರೆಗೂ ಉಜ್ಜಿದಳು.

ಸ್ವಪ್ನ ಫೋನು ಮಾಡಿದ್ದರಿಂದ ವೈದ್ಯರು ಬೇಗನೆ ಬಂದರು. ಹಿಂದೆಯೇ ಜೆಸಿಬಿ ಬಂತು, ಸುಣ್ಣದ ಚೀಲಗಳು ಬಂದವು. ನೀರೆರೆಯುವಂತಿಲ್ಲ, ಹೊರುವಂತಿಲ್ಲ, ಹತ್ತಿರ ಸುಳಿಯುವಂತಿಲ್ಲ ಎಂದು ವೈದ್ಯರು ಹೇಳಿದಾಗ ಮುದ್ದಪ್ಪನ ದನಿ ಏರಿತು.

“ನಿಮ್ಮ ತಂದೇನ ಜೆಸಿಬಿಲಿ ಎತ್ತಿ ಗುಂಡಿಗೆ ಹಾಕ್ತೀರೇನ್ರಿ ಸ್ವಾಮಿ?”

ವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು. ಕೈಗವಸು ಏರಿಸಿಕೊಳ್ಳುತ್ತಿದ್ದವರು ನಿಂತರು. “ಕೊರೊನಾದಾಗ ಹಂಗೇ ಹಾಕಿದ್ರು ಯಜಮಾನ್ರೇ. ನಾನು ರಸ್ತೇಲಿ ನಿಂತು ನೋಡ್ದೆ.”

ಮುದ್ದಪ್ಪ ಗುಂಡಿಯ ಜಾಗವನ್ನು ತಾನೇ ತೋರಿಸಿದ. ಉರುಮೆಯವರು ದೂರದಲ್ಲಿ ನಿಂತು ಬಡಿದರು. ಬೂದಿಯನ ಮೇಲೆ ಹೂವಿನ ಬದಲು ಸುಣ್ಣ ಬಿತ್ತು.

“ಯಾರಾದ್ರೂ ಮುಟ್ಟಿದ್ದೀರಾ? ಮುಟ್ಟಿದ್ರೆ ಈಗಲೇ ಹೇಳ್ರಿ, ಮಾತ್ರೆ ಕೊಟ್ರೆ ವಾಸಿಯಾಗ್ತೈತೆ,” ಎಂದು ವೈದ್ಯರು ಕೇಳಿದರು. ಪಾತಣ್ಣ ನೆಲ ನೋಡಿದ. ಹೆಂಗಸರ ಹಿಂದೆ ನಿಂತಿದ್ದ ಕೆಂಚಕ್ಕ ಸೆರಗಿನೊಳಗೆ ಕೈ ಎಳೆದುಕೊಂಡಳು. ಮಾತಾಡಿದರೆ ತಮ್ಮನ ಮಾತು ಮುರಿಯುತ್ತದೆ, ತಾನು ಕಟ್ಟು ಮುರಿದದ್ದೂ ಬಯಲಾಗುತ್ತದೆ.

ಕೆಲವು ದಿನ ಕಳೆದು ಪಾತಣ್ಣನ ಬಲಗೈಯಲ್ಲಿ ಸಣ್ಣ ಗುಳ್ಳೆಯೆದ್ದಿತು. ತುರಿಸಿತು, ಒಡೆಯಿತು. ಒಡೆದ ಜಾಗ ಇದ್ದಿಲಿನಂತೆ ಕಪ್ಪಾಗಿ ಕೂತಿತು. ಸುತ್ತ ಊದಿಕೊಂಡಿತು. ಆದರೆ ನೋವೆಂಬುದೇ ಇಲ್ಲ. ಮುದ್ದಪ್ಪ ಅದನ್ನು ನೋಡಿ ಕಣ್ಣು ಮುಚ್ಚಿ ಕೈಮುಗಿದ.

“ಹೂವಿಲ್ಲದೆ ಕಳಿಸಿದ್ವಿ. ಆದ್ರೂ ಬೂದಿಯ ಮರೀಲಿಲ್ಲ. ತನ್ನ ಕಿಲಾರಿಗೆ ಮುದ್ರೆ ಒತ್ತಿ ಹೋಗ್ಯಾನೆ. ಗಾಯ ಆಗಿದ್ರೆ ನೋಯ್ತಿತ್ತು.”

ಸುದ್ದಿ ಮನೆಮನೆಗೆ ಹೋಯಿತು. ಚಾವಡಿಯಲ್ಲಿ ಪಾತಣ್ಣನನ್ನು ಕೂರಿಸಿ ಜನ ದೂರದಿಂದಲೇ ಅಡ್ಡಬಿದ್ದರು. ಸ್ವಪ್ನ ಮಾತ್ರ ಗೋಡೆಯ ಚಿತ್ರವನ್ನೂ ಅವನ ಕೈಯನ್ನೂ ನೋಡಿ, ಮಾವನ ಬಳಿ ಬಂದು ಬೇಡಿಕೊಂಡಳು. ಒಂದು ಸಲ ಚಳ್ಳಕೆರೆ ಆಸ್ಪತ್ರೆಗೆ ಕಳಿಸಿ ಎಂದಳು.

“ಕಿಲಾರಿ ಆಸ್ಪತ್ರೆ ಮಂಚದ ಮ್ಯಾಲೆ ಮಲಗಿ ಬಂದು ಮತ್ತೆ ರೊಪ್ಪಕ್ಕೆ ಕಾಲಿಡಂಗಿಲ್ಲ. ನಿನ್ನ ಹಟ್ಟಿ ಅಲ್ಲ, ನಿಂಗೆ ತಿಳಿಯಲ್ಲ,” ಎಂದ ಮುದ್ದಪ್ಪ.

“ನಿಮ್ಮ ಮನೆ ಸೊಸೆ ಆದ್ಮ್ಯಾಲೂ ನನ್ನ ಹಟ್ಟಿ ಅಲ್ವಾ ಮಾವ?”

“ಬಾಯಿ ಜೋರಾತು.”

ಅತ್ತ ಕೆಂಚಕ್ಕನ ಮಣಿಕಟ್ಟಿನಲ್ಲಿಯೂ, ಮುಳ್ಳು ಗೀರಿದಲ್ಲಿಯೇ, ಅಂಥದೇ ಗುಳ್ಳೆಯೆದ್ದು ಅಂಥದೇ ಕಪ್ಪು ಕೂತಿತ್ತು. ಅದನ್ನು ಅವಳು ಅರಿಶಿನ ಮೆತ್ತಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ತಮ್ಮನದು ಮುದ್ರೆ, ತನ್ನದು ಶಿಕ್ಷೆ. ಮುಟ್ಟಬಾರದ್ದನ್ನು ಮುಟ್ಟಿದ ಕೈಗೆ ಬಂದ ಶಿಕ್ಷೆ. ಅನುಭವಿಸಿಬಿಡೋಣ, ತಮ್ಮನಿಗೆ ಬಂದ ಮರ್ಯಾದೆಗೆ ತನ್ನಿಂದ ಮಸಿ ಹತ್ತದಿರಲಿ ಎಂದುಕೊಂಡು ದಿನಾ ದೀಪ ಹಚ್ಚಿ ತಪ್ಪೊಪ್ಪಿಕೊಳ್ಳುತ್ತಿದ್ದಳು. ದೇವರು ಒಂದೇ ರಕ್ತದಿಂದ ಒಬ್ಬರಿಗೆ ವರ, ಇನ್ನೊಬ್ಬರಿಗೆ ಶಾಪ ಬರೆಯುತ್ತಾನೆಯೇ ಎಂದು ಅವಳು ಕೇಳಲಿಲ್ಲ. ಭಕ್ತಿ ಇರುವಲ್ಲಿ ಪ್ರಶ್ನೆ ತಡವಾಗಿ ಹುಟ್ಟುತ್ತದೆ.

ಪಾತಣ್ಣನಿಗೆ ಜ್ವರ ಬಂತು. ಮುದ್ದೆ ಹಾಗೆಯೇ ತಿರುಗಿ ಬರತೊಡಗಿತು. ಊತ ಮೊಳಕೈ ದಾಟಿ ತೋಳಿಗೆ ಏರಿದ ದಿನ ಕೆಂಚಕ್ಕ ಸ್ವಪ್ನಳನ್ನು ಚಾವಡಿಯ ಗೋಡೆಯ ಮುಂದೆ ನಿಲ್ಲಿಸಿಕೊಂಡಳು.

“ಇದ್ರಾಗೆ ಏನು ಬರ್ದೈತೆ, ಓದು ಮಗಾ.”

ಸ್ವಪ್ನ ಬೆರಳಿಟ್ಟು ಓದಿದಳು. “ಸತ್ತ ಪ್ರಾಣಿಯ ರಕ್ತ ತಗುಲಿದ ಜಾಗದಲ್ಲಿ ಗುಳ್ಳೆ ಕಾಣಿಸಿಕೊಂಡು ಕಪ್ಪು ಹುಣ್ಣಾಗುತ್ತದೆ. ಹುಣ್ಣಿನಲ್ಲಿ ನೋವಿರುವುದಿಲ್ಲ. ನಿರ್ಲಕ್ಷಿಸಿದರೆ ಪ್ರಾಣಾಪಾಯ.”

“ನೋವಿರಲ್ಲ ಅಂತ ಐತಾ?”

“ಐತೆ ದೊಡ್ಡವ್ವ. ಇಲ್ಲಿ ನೋಡು.”

ಕೆಂಚಕ್ಕ ಮಣಿಕಟ್ಟಿನ ಬಟ್ಟೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಇನ್ನೂ ಜೋರಾಗಿ ಒತ್ತಿದಳು. ಇಷ್ಟು ದಿನವೂ ನೋಯುತ್ತದೆಂದು ಹೆದರಿ ಅವಳು ಅದನ್ನು ಒತ್ತಿ ನೋಡಿರಲಿಲ್ಲ.

“ಶಿಕ್ಷೆ ಅಂದ್ರೆ ನೋಯಬೇಕಲ್ವೇನೇ?” ಎಂದಳು. ಸ್ವಪ್ನಳಿಗೆ ಅರ್ಥವಾಗಲಿಲ್ಲ. ಕೆಂಚಕ್ಕ ಬಟ್ಟೆ ಬಿಚ್ಚಿದಳು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಪಾತಣ್ಣ ಕಟ್ಟೆಯ ಕಂಬಕ್ಕೆ ಒರಗಿ ಕೂತಿದ್ದ. ಎದುರಿಗೆ ತೆಂಗಿನಕಾಯಿ ಹಿಡಿದ ಜನ. ಕೆಂಚಕ್ಕ ನಡುವೆ ನುಗ್ಗಿ ಹೋಗಿ, ತಮ್ಮನ ಕೈಯ ಪಕ್ಕಕ್ಕೆ ತನ್ನ ಕೈ ಇಟ್ಟಳು. ಎರಡು ಕಪ್ಪು ಕಲೆಗಳು ಒಂದೇ ಒಲೆಯ ಇದ್ದಿಲುಗಳಂತಿದ್ದವು. ಗುಂಪು ಹಿಂದೆ ಸರಿಯಿತು.

“ನೀನು ಮುಟ್ಟಿದ್ಯಾ?” ಮುದ್ದಪ್ಪ ಎದ್ದು ನಿಂತ. “ಹೆಂಗಸಾಗಿ ದೇವರ ಎತ್ತು ಮುಟ್ಟಿದ್ಯೇನೇ?”

“ಅಕ್ಕ ಮುಟ್ಟಿಲ್ಲ,” ಎಂದ ಪಾತಣ್ಣ. ದನಿ ಬಾವಿಯೊಳಗಿಂದ ಬಂದಂತಿತ್ತು. “ಮುಖ ಒರೆಸಿದ್ದು ನಾನು. ಆ ಟವಲ್ಲು ಒಗಿ ಅಂತ ಅಕ್ಕನ ಕೈಗೆ ಕೊಟ್ಟೋನೂ ನಾನೇ.”

“ಯಜಮಾನ್ರೇ, ನನ್ನಂಥೋಳಿಗೆ ದೇವರು ಮುದ್ರೆ ಕೊಡ್ತಾನಾ?” ಎಂದಳು ಕೆಂಚಕ್ಕ. “ಕೊಡಲ್ಲ. ಅಂದ್ಮ್ಯಾಲೆ ಅವಂದೂ ಮುದ್ರೆ ಅಲ್ಲ. ರೋಗ. ಪಾತ, ಎದ್ದೇಳು, ಆಸ್ಪತ್ರೆಗೆ ಹೋಗನ.”

“ನೀನು ಹೋಗಕ್ಕಾ. ನಾನು ಎತ್ತು ಬಿಟ್ಟು ಬರಂಗಿಲ್ಲ.”

“ಹಂಗಾದ್ರೆ ನಾನೂ ಇಲ್ಲೇ ಕುಂತ್ಕಂತೀನಿ. ನಿಂಗೆ ಸೂಜಿ ಬೀಳದಿದ್ರೆ ನಂಗೂ ಬ್ಯಾಡ. ಇಬ್ಬರನ್ನೂ ಒಂದೇ ಗುಂಡೀಲಿ ಮುಚ್ಲಿ. ಸುಣ್ಣ ಉಳಿತೈತೆ.”

ಆ ಮಾತಿಗೆ ಯಾರೋ ನಗಲು ಹೋಗಿ ನುಂಗಿಕೊಂಡರು. ಪಾತಣ್ಣ ಅಕ್ಕನ ಮಣಿಕಟ್ಟನ್ನು ನೋಡಿದ. ಆಮೇಲೆ ಕೈಲಿದ್ದ ಕೋಲನ್ನು ಕಂಬಕ್ಕೆ ಒರಗಿಸಿ, ಅದಕ್ಕೆ ಕೈಮುಗಿದ. ಕಿಲಾರಿ ಕೋಲು ಬಿಟ್ಟರೆ ಮತ್ತೆ ಹಿಡಿಯುವಂತಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. “ನಡಿಯಕ್ಕಾ,” ಎಂದ.

ಸ್ವಪ್ನ ಕರೆಸಿದ್ದ ಆಂಬುಲೆನ್ಸು ಚಳ್ಳಕೆರೆ ರಸ್ತೆ ಹಿಡಿಯಿತು. ದಾರಿಯುದ್ದಕ್ಕೂ ಕಾವಲಿನ ಸುತ್ತ ಸರ್ಕಾರ ಕಟ್ಟಿಸಿದ ಗೋಡೆ ಕಿಟಕಿಯಾಚೆ ಓಡುತ್ತಿತ್ತು. ಪಾತಣ್ಣ ಕಣ್ಣು ತೆರೆದಾಗಲೆಲ್ಲ ಒಂದನ್ನೇ ಕೇಳಿದ: “ಎತ್ತುಗಳಿಗೆ ನೀರು ಬಿಟ್ರಾ?”

“ಬಿಟ್ಟಾರೆ ಮಲಗು,” ಎಂದಳು ಅಕ್ಕ. ಬಿಟ್ಟಿದ್ದಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಇಬ್ಬರಿಗೂ ಸೂಜಿ ಹಾಕಿದರು. ಔಷಧಿ ಹಳೆಯದೇ, ಎಲ್ಲ ಕಡೆ ಸಿಗುವಂಥದೇ. ಮೊದಲ ವಾರ ಬಂದಿದ್ದರೆ ಮಾತ್ರೆಯಲ್ಲೇ ಹೋಗುತ್ತಿತ್ತು ಎಂದರು. ಕೆಂಚಕ್ಕನ ಊತ ಇಳಿಯಿತು. ಪಾತಣ್ಣನ ರಕ್ತಕ್ಕೆ ವಿಷ ಇಳಿದಿತ್ತು. ಅಕ್ಕನಿಗಾಗಿ ಮಂಚ ಏರಿದವನು ಆ ಮಂಚದಿಂದ ಇಳಿಯಲಿಲ್ಲ.

ಮೈ ತೊಳೆಯುವಂತಿಲ್ಲ, ಬಿಚ್ಚುವಂತಿಲ್ಲ, ಆಳದ ಗುಂಡಿ, ಮೇಲೆ ಸುಣ್ಣ. ಡಾಕ್ಟರು ಹೇಳುತ್ತಾ ಹೋದರು. ಹಿಂದಿನ ಸಲದ ಮಾತುಗಳೇ. ಮುದ್ದಪ್ಪ ಗೋಡೆ ಹಿಡಿದು ನಿಂತು ಎಲ್ಲವನ್ನೂ ಕೇಳಿದ. ಕೇಳಿ ಮುಗಿದ ಮೇಲೆ ಸೊಸೆಯ ಕಡೆ ತಿರುಗಿದ. “ಎತ್ತಿನ ಡಾಕ್ಟ್ರಿಗೆ ಫೋನ್ ಹಚ್ಚವ್ವ. ಉಳಿದ ಎತ್ತುಗಳಿಗೆ ಸೂಜಿ ಹಾಕ್ಲಿ. ಕೊಂಬು ನಾನೇ ಹಿಡ್ಕಂತೀನಿ,” ಎಂದ. ಸ್ವಪ್ನ ಫೋನು ತೆಗೆದಳು.

ಕಟ್ಟುವ ಮುನ್ನ ಮುಖ ಒಂದು ಸಲ ನೋಡಬಹುದು, ದೂರದಿಂದ ಎಂದರು. ಕೆಂಚಕ್ಕ ಹೋಗಿ ನಿಂತಳು. ಬಿಳಿ ಪ್ಲಾಸ್ಟಿಕ್ಕಿನ ನಡುವೆ ತಮ್ಮನ ಮುಖ. ಮೂಗಿನ ಹೊಳ್ಳೆಯಿಂದ ತುಟಿಯವರೆಗೆ ಕಪ್ಪು ರಕ್ತದ ಸಣ್ಣದೊಂದು ಎಳೆ ಇಳಿದು ಒಣಗಿತ್ತು.

ಅವಳ ಕೈ ತಾನಾಗಿ ಸೆರಗಿನ ತುದಿ ಹಿಡಿಯಿತು. ಚಿಕ್ಕಂದಿನಲ್ಲಿ ಅವ್ವ ಇಲ್ಲದಾಗ ಅವನ ಮೂಗು ಒರೆಸುತ್ತಿದ್ದುದು ಇದೇ ಕೈ. ಸೆರಗು ಮುಂದೆ ಹೋಯಿತು. ಬೂದಿಯನ ಮುಂದೆ ಪಾತಣ್ಣ ಹೇಗೆ ನಿಂತಿದ್ದನೆಂದು ಅವಳಿಗೆ ಆಗ ತಿಳಿಯಿತು. ಅವನಿಗೆ ಯಾಕೆ ಸುಮ್ಮನಿರಲು ಆಗಲಿಲ್ಲವೆಂದೂ ತಿಳಿಯಿತು.

ಬ್ಯಾಂಡೇಜು ಸುತ್ತಿದ ಆ ಕೈಯನ್ನು ಅವಳು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಬೇಲಿಯ ಈಚೆ ನಿಂತು ಅಭ್ಯಾಸವಿದ್ದ ಕಾಲುಗಳು ಅಲ್ಲಿಯೇ ನಿಂತವು.

“ಹಂಗೇ ಹೋಗು ತಮ್ಮಾ,” ಎಂದಳು. “ಬೂದಿಯನ ಮುಖ ನೀನು ಒರೆಸಿ ಕಳಿಸಿದ್ದೆಯಲ್ಲ. ನಿಂದು ಅವನು ನೆಕ್ಕಿ ತೊಳೀತಾನೆ.”

ಅವರು ಮುಖ ಮುಚ್ಚಿದರು.