ಉದ್ದ ಹಿಡಿಯ ಹಲಗೆ

"ಮಂಡಿ ಸವೆದ್ರೆ ನಿನ್ ಮಂಡಿ ತಾನೇ ಸವೆಯೋದು? ನನ್ ಹಲಗೆ ಸವೆದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?" ಎಂದು ಕಂಟ್ರಾಕ್ಟರು ನಮ್ಮ ಅತ್ತಿಗೆಯನ್ನು ಕೇಳಿದ.

ಅತ್ತಿಗೆ ಆಗ ಹಸಿ ಕಾಂಕ್ರೀಟಿಗೆ ಅಡ್ಡ ಹಾಕಿದ ಮರದ ಪಟ್ಟಿಯ ಮೇಲೆ ಮಂಡಿಯೂರಿ, ಎಡಗೈ ಊರಿಕೊಂಡು, ಬಲಗೈಯಲ್ಲಿ ಕರಣೆ ಆಡಿಸುತ್ತಿದ್ದಳು. ತಲೆ ಎತ್ತದೆಯೇ, "ನಮ್ಮಪ್ಪ ಸತ್ತು ಹನ್ನೆರಡು ವರ್ಷ ಆಯ್ತು ಸಾರ್. ಎದ್ದು ಬಂದ್ರೆ ಮೊದ್ಲು ನಿಮ್ ಹಲಗೆ ವಿಷ್ಯಾನೇ ಹೇಳ್ತೀನಿ" ಎಂದಳು.

ನಗು ಕಾಣದಿರಲೆಂದು ನಾನು ಬಾಂಡ್ಲಿಯನ್ನು ಮುಖಕ್ಕೆ ಹಿಡಿದೆ.

ಅವಳು ಕೇಳಿದ್ದು ದೊಡ್ಡದೇನಲ್ಲ. ಶೆಡ್ಡಿನೊಳಗೆ ಪ್ಲಾಸ್ಟಿಕ್ ಕವರು ಹೊದ್ದು ಮಲಗಿದ್ದ ಉದ್ದ ಹಿಡಿಯ ಹಲಗೆಯನ್ನು ಕೊಡಿ ಎಂದಿದ್ದಳು, ಅಷ್ಟೆ. ಎರಡಾಳು ಉದ್ದದ ಪೈಪು, ಅದರ ತುದಿಗೆ ಮಿರಮಿರ ಮಿಂಚುವ ಅಗಲವಾದ ಲೋಹದ ಹಲಗೆ. ರಸ್ತೆಯ ಅಂಚಿನಲ್ಲಿ ನೆಟ್ಟಗೆ ನಿಂತುಕೊಂಡು ನೂಕಿ ಎಳೆದರೆ ಸಾಕು, ಹಸಿ ಕಾಂಕ್ರೀಟು ಕೈಯಾಡಿಸಿದ ಹಾಸಿಗೆಯಂತೆ ಸಮ ಆಗುತ್ತದೆ. ಕೆಲಸ ಶುರುವಾದ ದಿನ ಅದನ್ನು ಹೊರಗೆ ತಂದು ಫೋಟೋ ಹೊಡೆಸಿಕೊಂಡಿದ್ದರು. ಆಮೇಲೆ ಒಳಗೆ ಹೋಗಿದ್ದು ಹೊರಗೆ ಬರಲಿಲ್ಲ. ನಮ್ಮ ಪಾಲಿಗೆ ಗೇಣುದ್ದದ ಕರಣೆ, ಮೊಳದುದ್ದದ ಮರದ ಹಲಗೆ, ಮತ್ತೆ ಹುಟ್ಟುವಾಗಲೇ ತಂದುಕೊಂಡ ಮಂಡಿಗಳು.

ಕಂಟ್ರಾಕ್ಟರಿಗೆ ನಾವಿಟ್ಟ ಹೆಸರು ಇಸ್ತ್ರಿ. ಬೆಳಿಗ್ಗೆ ಕಾರಿನಿಂದ ಇಳಿಯುವಾಗ ಅವನ ಪ್ಯಾಂಟಿನ ಗೆರೆ ಹೇಗಿರುತ್ತದೋ ಸಂಜೆ ಹತ್ತುವಾಗಲೂ ಹಾಗೇ ಇರುತ್ತಿತ್ತು. ನಮ್ಮ ಹನ್ನೊಂದು ಜನಕ್ಕೂ ಅವನಿಗೂ ನಡುವೆ ಮೇಸ್ತ್ರಿ. ಇಸ್ತ್ರಿ ಹೇಳಿದ್ದನ್ನು ಮೇಸ್ತ್ರಿ ನಮಗೆ ಹೇಳುತ್ತಿದ್ದ; ನಾವು ಹೇಳಿದ್ದನ್ನು ಮೇಸ್ತ್ರಿ ನುಂಗಿಕೊಳ್ಳುತ್ತಿದ್ದ.

ಈ ಕರಣೆ ಮೊದಲು ನಮ್ಮಣ್ಣನ ಕೈಯಲ್ಲಿತ್ತು. ಅಣ್ಣ ಉಜ್ಜಿದ ರಸ್ತೆಯಲ್ಲಿ ಮಳೆನೀರು ಒಂದು ಹನಿಯೂ ನಿಲ್ಲುತ್ತಿರಲಿಲ್ಲ. ಆದರೆ ಸಿಮೆಂಟಿನ ನೀರಿಗೆ ಕೆಲಸಗಾರನ ಹೆಸರು ಊರು ಬೇಕಿಲ್ಲ. ಬಟ್ಟೆಯೊಳಗೆ ಸದ್ದಿಲ್ಲದೆ ಇಳಿಯುತ್ತದೆ. ಕೆಲಸ ಮಾಡುವಾಗ ಏನೂ ಗೊತ್ತಾಗುವುದಿಲ್ಲ, ಸಂಜೆ ಮನೆಗೆ ಬಂದು ಪ್ಯಾಂಟು ಮಡಚಿದರೆ ಚರ್ಮವೂ ಜೊತೆಗೆ ಬರುತ್ತದೆ. ಅಣ್ಣನ ಎರಡೂ ಮಂಡಿಯಲ್ಲಿ ಹೆಬ್ಬೆರಳು ಇಡುವಷ್ಟು ತೂತು ಬಿತ್ತು, ಕೀವಾಯಿತು, ಕಾಲು ಮಡಚದಂತಾಯಿತು. ಇಸ್ತ್ರಿಗೆ ತೋರಿಸಿದಾಗ ಮೂಗು ಮುಚ್ಚಿಕೊಂಡು, "ಎಣ್ಣೆ ಹಚ್ಕೋ" ಎಂದಿದ್ದ.

ಅಂದಿನಿಂದ ಅಣ್ಣ ಮನೆಯಲ್ಲೇ. ಮನೆ ಎಂದರೆ ಒಂದು ಕೋಣೆ, ಒಂದು ಕಿಟಕಿ. "ನಾನ್ ಉಜ್ಜಿದ ರಸ್ತೆ ಮೇಲೆ ಊರಿಗೂರೇ ಓಡ್ತಿದೆ, ನಾನ್ ಮಾತ್ರ ಗೋಡೆ ಹಿಡ್ಕೊಂಡು ಕಕ್ಕಸಿಗೆ ಹೋಗ್ತೀನಿ" ಎಂದು ತಾನೇ ಹೇಳಿಕೊಂಡು ತಾನೇ ನಗುತ್ತಿದ್ದ. ಅತ್ತಿಗೆಗೆ ಕೆಲಸ ಕಲಿಸಿದ್ದೂ ಆ ಕೋಣೆಯಲ್ಲೇ. ಮುರುಕು ಪೆಟ್ಟಿಗೆಯ ಮುಚ್ಚಳದಲ್ಲಿ ಒದ್ದೆ ಮರಳು ತುಂಬಿ ಕರಣೆ ಕೊಟ್ಟು, "ಮೂತಿ ಎತ್ತು, ಮೂತಿ ಎತ್ತು" ಎನ್ನುತ್ತಿದ್ದ. ಅತ್ತಿಗೆ ಮುಖ ಮೇಲಕ್ಕೆ ಮಾಡಿದರೆ, "ನಿಂದಲ್ಲ ಕಣೇ, ಕರಣೇದು! ಮುಂದಿನ ಅಂಚು ಎತ್ತದಿದ್ರೆ ಕಚ್ಕೊಂಡು ಬಿಡುತ್ತೆ." ತಿಂಗಳಲ್ಲಿ ಅವಳ ಕೈ ಅವನ ಕೈಯಾಯಿತು. ಅವನ ಹಳೆಯ ಪ್ಯಾಂಟನ್ನೇ ಹಾಕಿಕೊಂಡು ಕೆಲಸಕ್ಕೆ ಬರತೊಡಗಿದಳು.

ಹಲಗೆ ಕೇಳಿ ಬೈಸಿಕೊಂಡ ಮೂರನೇ ದಿನ ದೊಡ್ಡ ಸಾಹೇಬರು ರಸ್ತೆ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಬೆಳಿಗ್ಗೆಯೇ ಶೆಡ್ಡಿನ ಬೀಗ ತೆಗೆದು ಹಲಗೆಯನ್ನು ಮದುವಣಗಿತ್ತಿಯಂತೆ ಹೊರಗೆ ತಂದರು. ಹೊಸ ಹೆಲ್ಮೆಟ್ಟು ಹಾಕಿಸಿ ಮೇಸ್ತ್ರಿಯ ಕೈಗೆ ಕೊಟ್ಟರು. ಅತ್ತಿಗೆ ಪಟ್ಟಿಯ ಮೇಲೆ ಮಂಡಿಯೂರಲು ಹೋದಾಗ ಇಸ್ತ್ರಿ ಓಡಿ ಬಂದ.

"ಏಯ್, ಏಳೇ ಮೇಲೆ! ಸಾಹೇಬ್ರ ಮುಂದೆ ನಾಯಿ ಥರ ಅಂಬೆಗಾಲು ಇಡ್ತೀಯಾ? ನಾನೇನೋ ನಿಮ್ಮನ್ನ ಗೋಳು ಹುಯ್ಕೋತಿದೀನಿ ಅಂದ್ಕೋಬೇಕಾ ಅವ್ರು? ಹೋಗ್, ಆ ಮರಳು ಗುಡ್ಡೆ ಹಿಂದೆ ನಿಂತ್ಕೋ."

ಅತ್ತಿಗೆ ಮರಳಿನ ಹಿಂದೆ ಹೋದಳು. ನಾನೂ ಹೋದೆ.

ಸಾಹೇಬರು ಬಂದರು. ಕಪ್ಪು ಕನ್ನಡಕ, ಹಿಂದೆ ನಾಲ್ಕು ಜನ, ನಾಲ್ವರ ಕೈಯಲ್ಲೂ ಫೋನು. ಮೇಸ್ತ್ರಿ ಎರಡು ಸಲ ನೂಕಿ ತೋರಿಸಿದ. "ಕೊಡಿ ಇಲ್ಲಿ, ನಾನೂ ನೋಡ್ತೀನಿ" ಎಂದು ಸಾಹೇಬರು ಅಂಗಿಯ ತೋಳು ಮಡಚಿದರು. ಹಿಡಿಯನ್ನು ಎದೆಮಟ್ಟಕ್ಕೆ ಎತ್ತಿಕೊಂಡು ಜೋರಾಗಿ ನೂಕಿದರು. ಮೇಸ್ತ್ರಿ "ಹಿಡಿ ಕೆಳಗೆ ಸಾರ್, ಕೆಳಗೆ" ಎನ್ನುವುದರೊಳಗೆ ಹಲಗೆಯ ಮುಂದಂಚು ಕಾಂಕ್ರೀಟಿಗೆ ಕಚ್ಚಿ, ಎಮ್ಮೆ ಮಗ್ಗುಲು ಬದಲಿಸಿದಂಥ ಗುಂಡಿ ಬಿತ್ತು. ನಾಲ್ವರೂ ಚಪ್ಪಾಳೆ ತಟ್ಟಿದರು. "ತುಂಬಾ ಸುಲಭ ಇದೆಯಲ್ರೀ" ಎಂದರು ಸಾಹೇಬರು. ಕೈಗೆ ಏನೂ ಅಂಟಿರದಿದ್ದರೂ ಒರೆಸಿಕೊಂಡು ಹೊರಟರು.

ಅವರ ಕಾರು ತಿರುವು ದಾಟುತ್ತಿದ್ದಂತೆ ಇಸ್ತ್ರಿ ಹಲಗೆಯನ್ನು ತೊಳೆಸಿ, ಒರೆಸಿ, ಕವರು ಹೊದಿಸಿ, ಒಳಗಿಟ್ಟು ಬೀಗ ಹಾಕಿದ. ಕೀಲಿ ಜೇಬಿಗೆ ಹೋಯಿತು.

"ಹ್ಞೂಂ, ಎಲ್ರೂ ಬಗ್ಗಿ. ಆ ಗುಂಡಿ ಮುಚ್ಚಿ ಮೊದ್ಲು. ಲಾರಿ ಬರ್ತಿದೆ."

ಅತ್ತಿಗೆ ಮರಳಿನ ಹಿಂದಿನಿಂದ ಬಂದು ಗುಂಡಿಯನ್ನು ನೋಡಿದಳು. ಕರಣೆಯನ್ನು ನೆಲದ ಮೇಲಿಟ್ಟಳು.

"ನಿಂತ್ಕೊಂಡು ಮಾಡೋದಾದ್ರೆ ಮಾಡ್ತೀನಿ ಸಾರ್. ಸಾಹೇಬ್ರು ನಿಂತ್ಕೊಂಡೇ ಗುಂಡಿ ತೋಡಿದ್ರು. ನಾನ್ಯಾಕೆ ಮಂಡಿಯೂರಿ ಮುಚ್ಲಿ?"

ಇಸ್ತ್ರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಬಾಯಿಗೆ ಬೀಗವಿರಲಿಲ್ಲ. "ಲೌಡಿ, ನಿನ್ ಗಂಡ ಕುಂಟ ಆಗಿ ಬಿದ್ದಾಗ ಕೆಲ್ಸ ಕೊಟ್ಟೆನಲ್ಲ, ನನ್ ಚಪ್ಪಲೀಲಿ ನಾನೇ ಹೊಡ್ಕೋಬೇಕು! ಎಲ್ಲಿಂದ ಬಂತೇ ಈ ಕೊಬ್ಬು? ಬಗ್ಗೇ ಅಂದ್ರೆ ಬಗ್ಬೇಕು!"

"ಬೈರಿ ಸಾರ್, ಬೈಯೋಕೆ ನಿಮ್ಗೆ ಹೊತ್ತಿದೆ" ಎಂದಳು ಅತ್ತಿಗೆ. "ಕಾಂಕ್ರೀಟಿಗಿಲ್ಲ."

ನಾನು ಬಾಂಡ್ಲಿ ಕೆಳಗಿಟ್ಟೆ. ಧೈರ್ಯದಿಂದಲ್ಲ, ನಿಜ ಹೇಳುತ್ತೇನೆ; ಅತ್ತಿಗೆ ಒಬ್ಬಳೇ ನಿಂತದ್ದು ನೋಡಲಾಗಲಿಲ್ಲ. ನನ್ನ ಬಾಂಡ್ಲಿ ಠಣ್ ಎಂದದ್ದೇ ಉಳಿದವರವೂ ಒಂದೊಂದಾಗಿ ಠಣ್ ಠಣ್ ಎಂದವು. ಲಾರಿ ಬಂದು, ಉದ್ದಕ್ಕೂ ಸುರಿದು, ಹೊರಟುಹೋಯಿತು. ಮೇಲ್ಮೈ ಎಳೆದು ಮಟ್ಟ ಮಾಡುವಷ್ಟನ್ನು ನಿಂತೇ ಮಾಡಬಹುದಿತ್ತು, ಮಾಡಿದೆವು. ಮಂಡಿಯೂರಿ ಉಜ್ಜುವ ಹೊತ್ತಿಗೆ ಅಂಚಿನಲ್ಲಿ ಸಾಲಾಗಿ ನಿಂತುಬಿಟ್ಟೆವು. ಬಿಸಿಲು ತನ್ನ ಕೆಲಸ ತಾನು ಮಾಡುತ್ತಿತ್ತು. ಎದುರಿನ ಮಹಡಿಗಳಲ್ಲಿ ಒಂದೊಂದಾಗಿ ತಲೆಗಳು ಕಾಣಿಸಿಕೊಂಡವು.

ಅತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಕೂಗಿ ಹೇಳುವವರ ಹಾಗೆ ಹೇಳತೊಡಗಿದಳು. "ಮೇಲಿನ ನೀರು ಆರ್ತಾ ಇದೆ ಸಾರ್." ಸ್ವಲ್ಪ ಹೊತ್ತಾದ ಮೇಲೆ, "ಹೊಳಪು ಹೋಯ್ತು ಸಾರ್." ಇನ್ನೂ ಸ್ವಲ್ಪ ಹೊತ್ತಿಗೆ ಬೆರಳು ಒತ್ತಿ ನೋಡಿ, "ಈಗ ಗೆಣ್ಣಿನವರೆಗೂ ಇಳಿಯಲ್ಲ ಸಾರ್."

"ರಸ್ತೆ ಕಲ್ಲಾದ್ರೂ ಆಗ್ಲಿ, ನಿಮ್ಮಂಥ ಬೋಳಿಮಕ್ಕಳ ಮುಂದೆ ನಾನ್ ಬಗ್ಗಲ್ಲ!" ಎಂದು ಇಸ್ತ್ರಿ ಕರಣೆ ಕಿತ್ತುಕೊಂಡು, ಪಟ್ಟಿಯ ಮೇಲೆ ಹೋಗಿ, ಬಗ್ಗಿದ.

ಬಗ್ಗಿದ ಎಂದರೆ ಮಂಡಿಯೂರಿದ. ಅವನ ಭಾರಕ್ಕೆ ಪಟ್ಟಿ ಕುಸಿದು, ಇಸ್ತ್ರಿಯಾದ ಎರಡೂ ಕಾಲು ಹಸಿಯೊಳಗೆ ಇಳಿದವು. ಕರಣೆಯ ಮೂತಿ ಎತ್ತಬೇಕೆಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು? ಒಂದು ಕಡೆ ಉಜ್ಜಿದರೆ ಇನ್ನೊಂದು ಕಡೆ ಗುಡ್ಡವಾಗುತ್ತಿತ್ತು. ನಾವು ಯಾರೂ ನಗಲಿಲ್ಲ. ಮಹಡಿಯಿಂದ ಯಾರೋ ನಕ್ಕರು. ಹತ್ತು ನಿಮಿಷಕ್ಕೆ ಸೊಂಟ ಹಿಡಿದುಕೊಂಡು, ಕಂಬ ಹತ್ತುವವನ ಹಾಗೆ ಗಾಳಿಯನ್ನು ಹಿಡಿದು ಎದ್ದ.

ಅತ್ತಿಗೆ ಬಕೆಟ್ಟಿನಲ್ಲಿ ನೀರು ತಂದಳು. "ಮಂಡಿ ತೊಳ್ಕೊಳ್ಳಿ ಸಾರ್. ಈಗೇನೂ ಆಗಲ್ಲ, ಸಂಜೆ ಗೊತ್ತಾಗುತ್ತೆ." ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ಗಂಡನಿಗೆ ಹೇಳುವಂತೆಯೇ ಹೇಳಿದಳು.

"ನಿನ್ ಕೈಯಿಂದ ನಾನ್ ನೀರ್ ಹಾಕಿಸ್ಕೋಬೇಕಾ? ಥೂ!" ಅವನು ಬಕೆಟ್ಟಿಗೆ ಒದ್ದ. ಕೀಲಿಯ ಸಮೇತ ಕಾರು ಹತ್ತಿ, ಫೋನು ಕಿವಿಗಿಟ್ಟುಕೊಂಡು, ಬೇರೆ ಆಳುಗಳನ್ನು ಹುಡುಕಲು ಹೊರಟುಹೋದ.

ಮೇಸ್ತ್ರಿ ಹೊಸ ಹೆಲ್ಮೆಟ್ಟು ತೆಗೆದು ಮರಳಿನ ಮೇಲಿಟ್ಟ. "ಕೀಲಿ ಅವ್ನ ಹತ್ರ ಇದೆ" ಎಂದ. "ಹಾರೆ ನನ್ ಹತ್ರ ಇದೆ."

ಎರಡೇ ಏಟು. ಬೀಗ ನೆಲಕ್ಕೆ ಬಿತ್ತು.

ಅತ್ತಿಗೆ ಹಿಡಿಯನ್ನು ಕೆಳಗೆ ತಗ್ಗಿಸಿ ನೂಕಿದಳು, ಮೇಲೆತ್ತಿ ಎಳೆದಳು. ಹಲಗೆ ಸರ್ರನೆ ಹೋಗಿ ಸರ್ರನೆ ಬಂತು. ಬಿಗಿದುಕೊಳ್ಳಲು ಶುರುಮಾಡಿದ್ದ ಕಾಂಕ್ರೀಟಿನ ಮೇಲೆ ಅವಳು ನೀರು ಚಿಮುಕಿಸಲಿಲ್ಲ, ಅದು ಮೋಸದ ಕೆಲಸ ಎಂದು ಅಣ್ಣ ಹೇಳಿಕೊಟ್ಟಿದ್ದ. ಭಾರ ಹಾಕಿ, ತಾಳ್ಮೆಯಿಂದ, ಸಾಹೇಬರ ಗುಂಡಿಯನ್ನೂ ಇಸ್ತ್ರಿಯ ಮಂಡಿಯ ಗುರುತನ್ನೂ ತುಂಬಿಸಿ ಒಂದೇ ಮಾಡಿದಳು. ನನಗೂ ಒಂದು ಸಲ ಕೊಟ್ಟಳು. ನಿಂತು ಕೆಲಸ ಮಾಡಿದರೆ ರಸ್ತೆಯ ಇನ್ನೊಂದು ತುದಿ ಕಾಣುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಊಟದ ಹೊತ್ತಿಗೆ ಮುಗಿಯಿತು. ಹಲಗೆ ತೊಳೆದು, ಒರೆಸಿ, ಕವರು ಹೊದಿಸಿ ಇಟ್ಟೆವು.

ಸಂಜೆ ಅಣ್ಣನಿಗೆ ಎಲ್ಲ ಹೇಳಿದೆವು. ಅವನು ಕಸಬರಿಗೆ ತರಿಸಿ, "ಎಷ್ಟು ತಗ್ಗಿಸ್ದೆ? ತೋರ್ಸು" ಎಂದ. ಅತ್ತಿಗೆ ತೋರಿಸಿದಳು. "ಇನ್ನೂ ಒಂದು ಗೇಣು ತಗ್ಗಿಸ್ಬೇಕಿತ್ತು" ಎಂದು ಬೈದು ಗೋಡೆಯ ಕಡೆ ತಿರುಗಿ ಮಲಗಿದ. ಅವನ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ನಾವು ಕೇಳಲಿಲ್ಲ.

ಮಾರನೇ ದಿನ ಹೋದಾಗ ಶೆಡ್ಡಿಗೆ ಎರಡು ಬೀಗ ಬಿದ್ದಿದ್ದವು. "ನಿಮ್ ಹನ್ನೊಂದ್ ಜನಾನೂ ಬೇಡ, ಆ ಮೇಸ್ತ್ರೀನೂ ಬೇಡ. ದಾರಿ ಬಿಡಿ" ಎಂದು ಇಸ್ತ್ರಿ ಕಾರಿನೊಳಗಿಂದಲೇ ಹೇಳಿದ. ಇಳಿಯಲಿಲ್ಲ. ಇಳಿಯಲು ಆಗುತ್ತಿರಲಿಲ್ಲ ಎಂದು ಕಾಣುತ್ತದೆ. ಅವತ್ತು ಅವನು ಲುಂಗಿಯಲ್ಲಿದ್ದ, ಮಂಡಿಗೆ ಬ್ಯಾಂಡೇಜು ಸುತ್ತಿತ್ತು.

ರಸ್ತೆಯಲ್ಲಿ ಹೊಸಬರು ಪಟ್ಟಿ ಹಾಕುತ್ತಿದ್ದರು. ಎಲ್ಲಿಂದ ಕರೆತಂದಿದ್ದನೋ, ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ಅತ್ತಿಗೆ ನೇರವಾಗಿ ಅವರಲ್ಲಿ ಕರಣೆ ಹಿಡಿದಿದ್ದ ಹೆಂಗಸಿನ ಬಳಿ ಹೋದಳು. ಪ್ಯಾಂಟನ್ನು ಮಡಚಿ ಹುಣ್ಣಾದ ತನ್ನ ಮಂಡಿ ತೋರಿಸಿದಳು. ಬೆರಳು ಮಾಡಿ ಕಾರನ್ನು ತೋರಿಸಿದಳು, ಶೆಡ್ಡನ್ನು ತೋರಿಸಿದಳು, ಎರಡೂ ಕೈಯಲ್ಲಿ ಗಾಳಿಯ ಹಿಡಿ ಹಿಡಿದು ನೂಕಿ ಎಳೆದಳು.

ಆ ಹೆಂಗಸು ನೋಡುತ್ತ ನಿಂತಳು. ಆಮೇಲೆ ತಾನೂ ಬಗ್ಗಿ ಬಟ್ಟೆ ಎತ್ತಿದಳು. ಅವಳದು ನಮ್ಮದಕ್ಕಿಂತ ಹಳೆಯ ಗಾಯ.

ಇಸ್ತ್ರಿ ಕಾರಿನ ಹಾರನ್ನು ಒತ್ತಿಹಿಡಿದ. ಆ ಸದ್ದಿನ ನಡುವೆ ಮೊದಲ ಲಾರಿ ಹಿಂದಕ್ಕೆ ಬರುತ್ತ ಬರುತ್ತ ನಿಂತು, ಹಸಿ ಕಾಂಕ್ರೀಟನ್ನು ರಸ್ತೆಗೆ ಸುರಿಯಿತು. ಆ ಹೆಂಗಸು ತನ್ನವರ ಕಡೆ ತಿರುಗಿ ಎರಡೇ ಮಾತು ಹೇಳಿದಳು. ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.